ಸುಣ್ಣದ ಗುಡ್ಡಗಳ ಹಾದಿ ಯಾರದು?

ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಬೇರೆ ಬೇರೆಯಾಗಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: "ಮೇಷ್ಟ್ರೇ, ಮಗಳ ಮನೆಗೆಂದು ಎರಡು ಸಲ ಇಂಗ್ಲೆಂಡಿಗೆ ಹೋಗಿ ಬಂದಿರಿ. ಲಂಡನ್ ಗೋಪುರದ ಬಗ್ಗೆಯಾಗಲಿ, ಕೊಹಿನೂರಿನ ಬಗ್ಗೆಯಾಗಲಿ ಒಂದಕ್ಷರವನ್ನೂ ಬರೆಯಲಿಲ್ಲವಲ್ಲ?" ಅವುಗಳನ್ನು ನೋಡಿದ್ದೇನೆ. ನೋಡಿದವರೆಲ್ಲರೂ ಬರೆದಿದ್ದಾರೆ, ನನ್ನ ಬರಹದಿಂದ ಅವಕ್ಕೆ ಹೊಸದಾಗಿ ಸೇರುವುದೇನೂ ಇಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಲ್ಲಿನ ಒಂದು ಬಿಳಿಯ ಹಾದಿ, ಆ ಹಾದಿಯಲ್ಲಿ ಯಾರು ಹೋಗಬಹುದು, ಯಾರು ಹೋಗಬಾರದು ಎಂಬ ಜಗಳ. ಸೈಕಲ್ಲಿನ ಜಗಳವೆಂದು ಕೆಲವರಿಗೆ ಇದು ಕ್ಷುಲ್ಲಕವಾಗಿ ತೋರಬಹುದು. ನನಗೆ ಹಾಗೆ ತೋರಲಿಲ್ಲ.

ಮೊದಲು ಸ್ವಲ್ಪ ಭೂಗೋಳ. (ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದವನಿಂದ ಇಷ್ಟಾದರೂ ತಪ್ಪದು, ಹಿಂದಿನ ಬೆಂಚಿನವರು ಒಂದೆರಡು ಪರಿಚ್ಛೇದಗಳನ್ನು ಹಾರಿಸಿಕೊಂಡು ಮುಂದೆ ಹೋಗಬಹುದು.) ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಳಬದಿಗೆ, ಪಶ್ಚಿಮದ ವಿಂಚೆಸ್ಟರ್ ಪಟ್ಟಣದಿಂದ ಪೂರ್ವದ ಈಸ್ಟ್‌ಬೋರ್ನ್‌ವರೆಗೆ ಒಂದು ಗುಡ್ಡಗಳ ಸಾಲಿದೆ. ಅದರ ಹೆಸರು ಸೌತ್ ಡೌನ್ಸ್. 'ಡೌನ್' ಎಂದರೆ ಕೆಳಗೆ ಎಂದಲ್ಲವೇ, ಗುಡ್ಡಕ್ಕೆ ಆ ಹೆಸರೇಕೆ ಎಂದು ನೀವು ಕೇಳಬಹುದು. ಹಳೆಯ ಇಂಗ್ಲಿಷಿನಲ್ಲಿ 'ಡೂನ್' ಎಂದರೆ ಗುಡ್ಡವೆಂದೇ ಅರ್ಥ. ಗುಡ್ಡಗಳೂ ನಮ್ಮ ಲೆಕ್ಕಕ್ಕೆ ಹೇಳಿಕೊಳ್ಳುವಂಥವಲ್ಲ. ಆ ಹಾದಿಯ ಅತ್ಯುನ್ನತ ಸ್ಥಳವಾದ ಬಟ್ಸರ್ ಗುಡ್ಡದ ಎತ್ತರ ಸುಮಾರು 270 ಮೀಟರ್. ನಮ್ಮ ನಂದಿಬೆಟ್ಟ 1,478 ಮೀಟರ್. ಆದರೆ ಏರಿಳಿತ ಮುಗಿಯುವುದೇ ಇಲ್ಲ. ಹಾಸಿಗೆಯ ಮೇಲೆ ಹೊದಿಕೆಯನ್ನು ಕೊಡವಿ ಹಾಗೆಯೇ ಬಿಟ್ಟರೆ ಹೇಗೆ ಉಬ್ಬುತಗ್ಗುಗಳು ನಿಲ್ಲುತ್ತವೆಯೋ ಹಾಗೆ. ಉತ್ತರದ ಬದಿಯಲ್ಲಿ ಕಡಿದಾದ ಇಳಿಜಾರು, ದಕ್ಷಿಣದಲ್ಲಿ ಸಮುದ್ರದವರೆಗೂ ಮೆಲ್ಲನೆ ಇಳಿಯುವ ಬಯಲು.

ಇಡೀ ಗುಡ್ಡಸಾಲು ಸೀಮೆಸುಣ್ಣ. ನಾನು ಜೀವಮಾನವೆಲ್ಲಾ ಬೆರಳಿನ ತುದಿಯಲ್ಲಿ ಹಿಡಿದು ಸವೆಸಿದ ಪದಾರ್ಥವು ಅಲ್ಲಿ ಕಾಲಿನ ಕೆಳಗೆ ನೂರಾರು ಅಡಿ ದಪ್ಪಕ್ಕೆ ಬಿದ್ದಿತ್ತು. (ಈಗಿನ ಶಾಲೆಗಳ ಸೀಮೆಸುಣ್ಣ ಬಹುಮಟ್ಟಿಗೆ ಜಿಪ್ಸಂ ಎಂಬುದು ಬೇರೆ ಮಾತು.) ಸುಮಾರು 10 ಕೋಟಿ ವರ್ಷಗಳಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಬೆಚ್ಚನೆಯ ಕಡಲಿನಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪುಗಳು ತಳಕ್ಕೆ ಇಳಿದು ಇಳಿದು ಆದ ಕಲ್ಲು ಅದು. ಆ ಕಾಲ ಮುಗಿಯುತ್ತ ಬಂದಾಗ ಇತ್ತ ನಮ್ಮ ದಖ್ಖನ್ನಿನಲ್ಲಿ ಲಾವಾರಸ ಉಕ್ಕಿ ಹರಿದು ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲಾಯಿತು. ಅತ್ತ ಬಿಳಿ, ಇತ್ತ ಕಪ್ಪು. ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ಹೇಳಿಕೊಡುವ ಬುದ್ಧಿ ನನಗೆ ನಿವೃತ್ತಿಯ ನಂತರ ಹೊಳೆಯಿತು.

ಸುಣ್ಣದ ಕಲ್ಲು ನೀರನ್ನು ಕುಡಿದುಬಿಡುತ್ತದೆ. ಹೀಗಾಗಿ ಗುಡ್ಡದ ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ. ಕುರಿಗಳ ಬಾಯಾರಿಕೆಗೆಂದು ಹಿಂದಿನವರು ತೋಡಿದ ದುಂಡನೆಯ ಕಟ್ಟೆಗಳು ಮಾತ್ರ ಅಲ್ಲಲ್ಲಿ ಇವೆ. ಕುಡಿದ ನೀರು ಒಳಗೆ ಸಂಗ್ರಹವಾಗಿ ಬ್ರೈಟನ್ನಿನಂಥ ಊರುಗಳ ನಲ್ಲಿಗೆ ಬರುತ್ತದೆ. ಕೆಳಗಿನ ಜೇಡಿಮಣ್ಣಿನ ಕಣಿವೆಗಳು ಚಳಿಗಾಲವಿಡೀ ಕೆಸರಾಗಿರುತ್ತಿದ್ದುದರಿಂದ, ಜನ ಪುರಾತನ ಕಾಲದಿಂದ ಗುಡ್ಡದ ನೆತ್ತಿಯ ಮೇಲೆಯೇ ಓಡಾಡಿದರು. ಆ ನೆತ್ತಿಯ ಹಾದಿಯೇ ಇಂದಿನ 'ಸೌತ್ ಡೌನ್ಸ್ ವೇ'. ಉದ್ದ 160 ಕಿಲೋಮೀಟರ್. 1972ರಲ್ಲಿ ಇದನ್ನು ಸರ್ಕಾರ ಅಧಿಕೃತವಾಗಿ ತೆರೆಯಿತು; ಆಗ ಅದು ಪಶ್ಚಿಮದಲ್ಲಿ ಸಸೆಕ್ಸ್ ಕೌಂಟಿಯ ಗಡಿಯವರೆಗೆ ಮಾತ್ರವಿತ್ತು, ವಿಂಚೆಸ್ಟರಿಗೆ ವಿಸ್ತರಿಸಿದ್ದು ನಂತರ. ಆ ದೇಶದ ದೂರಪಯಣದ ಹಾದಿಗಳ ಪೈಕಿ, ಕಾಲ್ನಡಿಗೆಯವರಿಗೆ ಮಾತ್ರವಲ್ಲದೆ ಕುದುರೆಗೂ ಸೈಕಲ್ಲಿಗೂ ಹಕ್ಕಿರುವಂತೆ ರೂಪಿಸಿದ ಮೊದಲನೆಯದು ಇದು. 2010ರಲ್ಲಿ ಈ ಪ್ರದೇಶವೆಲ್ಲಾ ರಾಷ್ಟ್ರೀಯ ಉದ್ಯಾನವಾಯಿತು. 'ರಾಷ್ಟ್ರೀಯ ಉದ್ಯಾನ' ಎಂದೊಡನೆ ಬಂಡೀಪುರವನ್ನು ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಗೋಧಿ ಬೆಳೆಯುತ್ತಾರೆ, ಕುರಿ ಸಾಕುತ್ತಾರೆ, ಊರುಗಳಿವೆ, ಹೋಟೆಲುಗಳಿವೆ. ಹೆಚ್ಚಿನ ನೆಲ ಖಾಸಗಿಯವರದು.

ನನಗೆ ಮೊದಲು ಅಚ್ಚರಿಯಾದದ್ದೇ ಇದು. ಯಾರದೋ ಗೋಧಿ ಹೊಲದ ನಡುವೆ ಒಂದು ಮರದ ಗೇಟು, ಅದರ ಕಂಬದ ಮೇಲೆ ಅಂಗೈಯಗಲದ ಬಾಣದ ಗುರುತು. ಆ ಗೇಟನ್ನು ತೆಗೆದು ನೀವು ಯಾರನ್ನೂ ಕೇಳದೆ ಹೋಗಬಹುದು. ಹೊಲದ ಒಡೆಯ ಎದುರಿಗೆ ಬಂದರೆ "ಗುಡ್ ಮಾರ್ನಿಂಗ್" ಎನ್ನುತ್ತಾನೆ. ನೆಲ ಅವನದು, ಹಾದಿಯ ಹಕ್ಕು ಎಲ್ಲರದು. ಗೇಟನ್ನು ಮತ್ತೆ ಮುಚ್ಚಬೇಕು, ಬೆಳೆಯನ್ನು ತುಳಿಯಬಾರದು, ನಾಯಿಯನ್ನು ಹಗ್ಗ ಹಾಕಿ ಹಿಡಿದಿರಬೇಕು. ಇಷ್ಟೇ ಕರಾರು.

ಆದರೆ ಬಾಣಗಳಿಗೆ ಬಣ್ಣವಿದೆ. ಜಗಳ ಹುಟ್ಟುವುದು ಅಲ್ಲಿಯೇ. ಹಳದಿ ಬಾಣವಿದ್ದರೆ ಅದು ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಬಾಣವಿದ್ದರೆ 'ಬ್ರೈಡಲ್‌ವೇ', ಅಂದರೆ ಕುದುರೆದಾರಿ. ಅಲ್ಲಿ ನಡೆಯುವವರು, ಕುದುರೆ ಸವಾರರು, ಸೈಕಲ್ ಸವಾರರು ಮೂವರೂ ಹೋಗಬಹುದು. ಸೈಕಲ್ಲಿಗೆ ಈ ಹಕ್ಕನ್ನು ಕೊಟ್ಟದ್ದು 1968ರ ಗ್ರಾಮಾಂತರ ಕಾಯಿದೆ. ಕೊಟ್ಟ ರೀತಿ ಸ್ವಾರಸ್ಯವಾಗಿದೆ. ಸೈಕಲ್ ಸವಾರನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಟ್ಟುಕೊಡಬೇಕು ಎಂದು ಒಂದು ಷರತ್ತು. ಸೈಕಲ್ಲಿಗೆ ಅನುಕೂಲವಾಗುವಂತೆ ಹಾದಿಯನ್ನು ಸರಿಪಡಿಸುವ ಹೊಣೆ ಸರ್ಕಾರಕ್ಕಿಲ್ಲ ಎಂದು ಇನ್ನೊಂದು. ನಮ್ಮ ಕಡೆ ಸಂಬಂಧಿಕರ ಮನೆಯಲ್ಲಿ "ಉಳಿದುಕೊಳ್ಳಿ, ಆದರೆ ಹಾಸಿಗೆಯಿಲ್ಲ" ಎಂದ ಹಾಗೆ.

1968ರಲ್ಲಿ ಆ ಕಾಯಿದೆಗೆ ಕೈಯೆತ್ತಿದ ಸಂಸತ್ಸದಸ್ಯರು ಮೌಂಟನ್ ಬೈಕನ್ನು ಕಂಡಿರಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ದಪ್ಪ ಟೈರಿನ, ಗುಡ್ಡದಿಂದ ಧುಮ್ಮಿಕ್ಕುವ ಈ ಸೈಕಲ್ಲು ಕ್ಯಾಲಿಫೋರ್ನಿಯಾದ ಟಮಾಲ್ಪಾಯಿಸ್ ಬೆಟ್ಟದ ತರುಣರಿಂದ 1970ರ ದಶಕದಲ್ಲಿ ಹುಟ್ಟಿ, 1980ರ ದಶಕದಲ್ಲಿ ಅಂಗಡಿಗಳಿಗೆ ಬಂದಿತು. ಆದರೆ ಇಂಗ್ಲಿಷರಿಗೆ ಸೈಕಲ್ಲನ್ನು ಗುಡ್ಡಗಾಡಿಗೆ ಒಯ್ಯುವುದು ಅಮೆರಿಕದವರಿಂದ ಕಲಿತ ಚಾಳಿಯೇನಲ್ಲ. 1955ರಲ್ಲಿಯೇ ಅಲ್ಲಿ 'ರಫ್ ಸ್ಟಫ್ ಫೆಲೋಷಿಪ್' ಎಂಬ ಸಂಘ ಕಟ್ಟಿಕೊಂಡು, ಸಾಮಾನ್ಯ ಸೈಕಲ್ಲನ್ನೇ ತುಳಿದು, ತಳ್ಳಿ, ಹೆಗಲಿಗೇರಿಸಿಕೊಂಡು ಬೆಟ್ಟಗಳನ್ನು ದಾಟುತ್ತಿದ್ದವರಿದ್ದರು. ಕಾಯಿದೆಯ ಕಣ್ಣಮುಂದೆ ಇದ್ದವರು ಅಂಥವರು: ಬುತ್ತಿ ಕಟ್ಟಿಕೊಂಡು ಮೆಲ್ಲನೆ ಹೋಗುವವರು.

ನನ್ನ ಮೊಮ್ಮಗ ಅಂಥವನಲ್ಲ. ಅವನಿಗೆ ಆಗ ಹದಿನಾಲ್ಕು. ಇಡೀ ವಾರ ಮೂಲೆಯಲ್ಲಿ ಫೋನು ಹಿಡಿದು ಕೂರುವ ಹುಡುಗ, ಶನಿವಾರ ಬೆಳಗಾಯಿತೆಂದರೆ ತಾನೇ ಎದ್ದು, ಸೈಕಲ್ಲಿನ ಸರಪಳಿಗೆ ಎಣ್ಣೆ ಹಾಕಿ, ಶಿರಸ್ತ್ರಾಣ ಧರಿಸಿ, ಅಮ್ಮನನ್ನು ಕೇಳದೆ ಎರಡು ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಿದ್ದನು. ಡಿಚ್ಲಿಂಗ್ ಬೀಕನ್ ಎಂಬ 248 ಮೀಟರ್ ಎತ್ತರದ ಗುಡ್ಡಕ್ಕೆ ನಾವು ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಹೋಗುವುದು, ಅವನು ಸೈಕಲ್ಲಿನಲ್ಲಿ ಬರುವುದು. ಮುಖವೆಲ್ಲಾ ಸುಣ್ಣದ ಪುಡಿ ಬಡಿದು ಸತ್ಯನಾರಾಯಣ ಪೂಜೆಗೆ ರಂಗೋಲಿ ಬಿಡಿಸಿ ಬಂದವನಂತೆ ಕಾಣುತ್ತಿದ್ದನು. ಒಂದು ದಿನದಲ್ಲಿ 160 ಕಿಲೋಮೀಟರನ್ನೂ ತುಳಿದು ಮುಗಿಸುವ ಗಟ್ಟಿಗರು ಆ ಹಾದಿಯಲ್ಲಿದ್ದಾರಂತೆ. ಏರು ಎಂದೂ ಮುಗಿಯದ ಆ ಹಾದಿಯಲ್ಲಿ ಇದು ಸಣ್ಣ ಮಾತಲ್ಲ. ಅದು ಅವನ ಕನಸು.

ಒಂದು ಶನಿವಾರ ನಾವು ಒಂದು ಊರಿನ ಹಿಂಬದಿಯಿಂದ ಗುಡ್ಡಕ್ಕೆ ಹೊರಟಿದ್ದೆವು. ನಾನು ನಡೆದು, ಅವನು ನನಗಾಗಿ ಸೈಕಲ್ಲನ್ನು ಮೆಲ್ಲನೆ ತುಳಿಯುತ್ತ. ಹಾದಿ ಎಂದರೆ ಎರಡು ಎತ್ತಿನಗಾಡಿಗಳು ಪಕ್ಕಪಕ್ಕದಲ್ಲಿ ಹೋಗುವಷ್ಟು ಅಗಲ. ಟ್ರಾಕ್ಟರಿನ ಚಕ್ರದ ಅಚ್ಚುಗಳು ಎದ್ದು ಕಾಣುತ್ತಿದ್ದವು. ಎದುರಿನಿಂದ ಬಂದ ಹಿರಿಯರೊಬ್ಬರು, ನನ್ನಷ್ಟೇ ವಯಸ್ಸಿನವರು, ಕೈಯಲ್ಲಿದ್ದ ಕೋಲನ್ನು ಅಡ್ಡ ಹಿಡಿದು ಹುಡುಗನನ್ನು ನಿಲ್ಲಿಸಿ, "ಇದು ಕಾಲುದಾರಿ. ಇಳಿದು ತಳ್ಳಿಕೊಂಡು ಹೋಗು" ಎಂದರು. ಬೈಯಲಿಲ್ಲ, ಆದರೆ ಮಾತಿನಲ್ಲಿ ಸೌಮ್ಯವೂ ಇರಲಿಲ್ಲ. ಹುಡುಗ ಇಳಿದನು. ಅವರು ಹೋದ ಮೇಲೆ ಅವನ ಕಣ್ಣು ತುಂಬಿತ್ತು. "ತಾತ, ಈ ದಾರೀಲಿ ಟ್ರಾಕ್ಟರ್ ಹೋಗಬಹುದು, ನಾನು ಯಾಕೆ ಹೋಗಬಾರದು?" ಎಂದು ಕೇಳಿದನು.

ಕಾನೂನಿನ ಪ್ರಕಾರ ಆ ಹಿರಿಯರ ಮಾತೇ ಸರಿ. ಕಾಲುದಾರಿಯಲ್ಲಿ ಸೈಕಲ್ ತುಳಿಯುವುದು ಪೊಲೀಸರು ಹಿಡಿಯುವಂಥ ಅಪರಾಧವಲ್ಲವಾದರೂ, ಸಾಮಾನ್ಯವಾಗಿ ಅದು ಜಮೀನಿನ ಒಡೆಯನ ವಿರುದ್ಧದ ಅತಿಕ್ರಮಣವೆಂದು ಎಣಿಕೆಯಾಗುತ್ತದೆ. ಟ್ರಾಕ್ಟರು ಒಡೆಯನದು, ಅದಕ್ಕೆ ತಡೆಯಿಲ್ಲ. ಈ ಉತ್ತರವನ್ನು ನಾನು ಮೊಮ್ಮಗನಿಗೆ ಕೊಟ್ಟೆನು, ಅವನು ತಲೆಯಾಡಿಸಿದನು. ಆದರೆ ಉತ್ತರ ಸರಿಯಾಗಿದ್ದರೂ ನನಗೆ ಸಮಾಧಾನವಾಗಲಿಲ್ಲ. ಮಗಳ ಮನೆಯಲ್ಲಿದ್ದ ಎರಡು ತಿಂಗಳಲ್ಲಿ ಈ ವಿಷಯವನ್ನು ಗ್ರಂಥಾಲಯದಲ್ಲಿಯೂ ಗಣಕಯಂತ್ರದಲ್ಲಿಯೂ ಹುಡುಕಿ ಓದಿದೆನು. (ನಿವೃತ್ತನಿಗೆ ಬೇರೆ ಕೆಲಸವೇನು?)

ಓದಿದ ಮೇಲೆ ತಿಳಿದುದು ಇದು. 1949ರ ಕಾಯಿದೆಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿಯೊಂದು ಕೌಂಟಿಯೂ ತನ್ನ ಸಾರ್ವಜನಿಕ ಹಾದಿಗಳ ನಕಾಶೆಯನ್ನು ತಯಾರಿಸಬೇಕಾಯಿತು. 1950ರ ದಶಕದಲ್ಲಿ ಊರೂರಿನ ಪ್ಯಾರಿಷ್ ಸಮಿತಿಯವರು ತಮಗೆ ತಿಳಿದಂತೆ ಹಾದಿಗಳ ಪಟ್ಟಿಯನ್ನು ಮಾಡಿ ಕೊಟ್ಟರು. ಒಂದು ಊರಿನವರು ಕುದುರೆದಾರಿ ಎಂದು ಬರೆದದ್ದನ್ನು ಪಕ್ಕದ ಊರಿನವರು ಕಾಲುದಾರಿ ಎಂದು ಬರೆದರು. ಹೀಗಾಗಿ ಒಂದೇ ಹಾದಿ, ಅದೇ ಅಗಲ, ಅದೇ ಸುಣ್ಣ, ಊರಿನ ಗಡಿಯ ಬೇಲಿಯನ್ನು ದಾಟಿದೊಡನೆ ನೀಲಿಯಿಂದ ಹಳದಿಗೆ ತಿರುಗಿಬಿಡುತ್ತದೆ. ಕುದುರೆ ಸವಾರ ಅಲ್ಲಿ ಏನು ಮಾಡಬೇಕು? ಕುದುರೆಯನ್ನು ಹೊತ್ತುಕೊಂಡು ಹೋಗಬೇಕೇ? ಇಂಗ್ಲೆಂಡಿನ ಒಟ್ಟು ಸಾರ್ವಜನಿಕ ಹಾದಿಗಳ ಉದ್ದದಲ್ಲಿ ಸೈಕಲ್ಲಿಗೆ ಹಕ್ಕಿರುವುದು ಸುಮಾರು ಶೇ. 22ರಷ್ಟರಲ್ಲಿ ಮಾತ್ರ. ಉಳಿದವುಗಳಲ್ಲಿ ನಿಜವಾಗಿಯೂ ಒಂಟಿ ಕಾಲಿನಷ್ಟು ಕಿರಿದಾದವು ಬಹಳ ಇವೆ, ಒಪ್ಪುತ್ತೇನೆ. ಆದರೆ ನಾವು ಅಂದು ನಡೆದಂಥ ಅಗಲವಾದ ಗಾಡಿದಾರಿಗಳೂ ಅವುಗಳಲ್ಲಿ ಸೇರಿಹೋಗಿವೆ.

ಆದುದರಿಂದ ನನ್ನ ಅಭಿಪ್ರಾಯ ಇದು: ಅಗಲವಿರುವ, ಗಟ್ಟಿಯಾದ, ವ್ಯವಸಾಯದ ವಾಹನಗಳು ಈಗಾಗಲೇ ಓಡಾಡುತ್ತಿರುವ ಹಾದಿಗಳನ್ನು ಸೈಕಲ್ಲಿಗೆ ತೆರೆಯಬೇಕು. ನಾನು ನಡೆಯುವವನು. ಮೊಣಕಾಲು ನೋವಿನವನು. ಸೈಕಲ್ಲು ಬಂದರೆ ಪಕ್ಕಕ್ಕೆ ಸರಿಯಬೇಕಾದ ಕಷ್ಟ ನನ್ನಂಥವರದೇ. ಆದರೂ ಹೀಗೆಯೇ ಹೇಳುತ್ತೇನೆ.

ಚಕ್ರದಿಂದ ಹಾದಿ ಹಾಳಾಗುತ್ತದೆ ಎಂಬುದು ಎದುರುಪಕ್ಷದವರ ಮೊದಲನೆಯ ಮಾತು. ಸೌತ್ ಡೌನ್ಸಿನ ಉತ್ತರದ ಕಡಿದಾದ ಬದಿಯನ್ನು ಓರೆಯಾಗಿ ಹತ್ತುವ ಹಳೆಯ ಹಾದಿಗಳಿವೆ. ಸಸೆಕ್ಸ್ ಜನ ಅವನ್ನು 'ಬಾಸ್ಟಲ್' ಎನ್ನುತ್ತಾರೆ. ಅವುಗಳಲ್ಲಿ ಕೆಲವು ಆಳೆತ್ತರಕ್ಕೂ ಹೆಚ್ಚು ನೆಲದೊಳಗೆ ಇಳಿದಿವೆ. ಎರಡೂ ಕಡೆ ಬಿಳಿಯ ಗೋಡೆ, ಮೇಲೆ ಮರಗಳ ಚಪ್ಪರ. ಶತಮಾನಗಳ ಕಾಲ ಗಾಡಿಯ ಚಕ್ರ, ಕುರಿಯ ಗೊರಸು, ಮಳೆನೀರು ಸೇರಿ ಕೊರೆದ ಹಾದಿಗಳವು. ಇಂದು ನಾವು ಅವುಗಳ ಫೋಟೋ ತೆಗೆದು ಎಷ್ಟು ಸುಂದರ ಎನ್ನುತ್ತೇವೆ. ಚಕ್ರವೇ ಕೊರೆದ ಹಾದಿಗೆ ಚಕ್ರವೇ ನಿಷಿದ್ಧ ಎಂದರೆ ಹೇಗೆ? ಅರ್ಧ ಟನ್ ತೂಗುವ ಕುದುರೆಗೆ ಇರುವ ಹಕ್ಕು ಹದಿನಾಲ್ಕು ಕಿಲೋ ತೂಗುವ ಸೈಕಲ್ಲಿಗೆ ಇರಬಾರದೇ?

ಆದರೆ ಇದೇ ವಾದವನ್ನು ಹಿಡಿದು ಸವಾರರು ಎಲ್ಲಿಗೆ ಬೇಕಾದರೂ ನುಗ್ಗಬಹುದೆಂದು ಹೇಳಿದರೆ ನಾನು ಒಪ್ಪುವುದಿಲ್ಲ. ಸುಣ್ಣದ ಗುಡ್ಡದ ಹುಲ್ಲುಗಾವಲು ಸಾಮಾನ್ಯ ಹುಲ್ಲಲ್ಲ. ತಲೆಮಾರುಗಳ ಕಾಲ ಕುರಿಗಳು ಮೇಯ್ದು ಮೇಯ್ದು ಗಿಡ್ಡವಾಗಿಸಿದ ಆ ಹಾಸಿನಲ್ಲಿ ಒಂದು ಚದರ ಮೀಟರಿಗೆ 40ರವರೆಗೆ ಸಸ್ಯಜಾತಿಗಳು ಸಿಗುತ್ತವೆ. ಅಲ್ಲಿನ ಗ್ಲೈಂಡ್ ಊರಿನ ಜಾನ್ ಎಲ್ಮನ್ ಎಂಬ ರೈತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಿದ್ದಿ ಬೆಳೆಸಿದ ಸೌತ್‌ಡೌನ್ ಕುರಿಗಳು ಪ್ರಪಂಚಕ್ಕೆಲ್ಲಾ ಹೋದವು. ಮೇವಿನ ನೆಲ ಮಾತ್ರ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರ ಬೆಳೆಯುವ ಒತ್ತಡಕ್ಕೆ ಸಿಕ್ಕಿ ಬಹುಪಾಲು ನೇಗಿಲಿನ ಕೆಳಗೆ ಹೋಯಿತು. ಉಳಿದಿರುವುದು ತುಂಡು ತುಂಡು. ಆ ತುಂಡುಗಳಲ್ಲಿ ಅಡೋನಿಸ್ ಬ್ಲೂ ಎಂಬ ನೀಲಿ ಚಿಟ್ಟೆ ಒಂದೇ ಒಂದು ಜಾತಿಯ ಗಿಡದ ಮೇಲೆ ಮೊಟ್ಟೆಯಿಡುತ್ತದೆ. ಹಾದಿಯನ್ನು ಬಿಟ್ಟು ಹುಲ್ಲಿನ ಮೇಲೆ ಹೊಸ ಜಾಡು ಬೀಳಿಸುವ ಸವಾರನು ಅಲ್ಲಿ ಏನನ್ನು ತುಳಿಯುತ್ತಿದ್ದಾನೆಂಬುದು ಅವನಿಗೇ ತಿಳಿದಿರುವುದಿಲ್ಲ.

ಇನ್ನು ಮಳೆಗಾಲ. ಒಣಗಿದ ಸುಣ್ಣದ ಹಾದಿ ಸಿಮೆಂಟಿನಂತೆ ಗಟ್ಟಿ. ಒಂದು ಮಳೆ ಬಿದ್ದರೆ ಅದು ಒದ್ದೆಯಾದ ಸೋಪು. ಅದರಲ್ಲಿ ಹುದುಗಿರುವ ಚಕಮಕಿ ಕಲ್ಲಿನ ಅಂಚು ಬ್ಲೇಡಿನಂತೆ ಟೈರನ್ನೂ ಸೀಳುತ್ತದೆ, ಮೊಣಕೈಯನ್ನೂ ಸೀಳುತ್ತದೆ. (ಆದಿಮಾನವರು ಅದರಿಂದಲೇ ಕೊಡಲಿ ಮಾಡಿದ್ದು ಸುಮ್ಮನೆ ಅಲ್ಲ.) ನೆನೆದ ಇಳಿಜಾರಿನಲ್ಲಿ ಹಿಂಚಕ್ರವನ್ನು ಬ್ರೇಕಿನಿಂದ ಬಿಗಿಹಿಡಿದು ಜಾರಿಕೊಂಡು ಇಳಿದರೆ ಒಂದು ಗೀರು ಬೀಳುತ್ತದೆ, ಮುಂದಿನ ಮಳೆಯ ನೀರು ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಚಳಿಗಾಲದ ಕೆಲವು ವಾರ ಮೃದುವಾದ ಇಳಿಜಾರುಗಳಿಂದ ಸವಾರರು ತಾವಾಗಿ ದೂರವಿರುವುದು ನ್ಯಾಯ. ಬಟ್ಸರ್ ಗುಡ್ಡದ ಬಳಿಯ ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ, ಪೂರ್ವದ ಫ್ರಿಸ್ಟನ್ ಕಾಡಿನಲ್ಲಿ ಸೈಕಲ್ಲಿಗೆಂದೇ ಜಾಡುಗಳಿವೆ. ಹಾರಿ ನೆಗೆಯಬೇಕೆನ್ನುವವರು ಅಲ್ಲಿಗೆ ಹೋಗಲಿ.

ಎದುರುಪಕ್ಷದವರ ಎರಡನೆಯ ಮಾತು ಭಯದ್ದು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನನ್ನ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಸಮುದ್ರದ ಗಾಳಿ ಸದಾ ಬೀಸುವ ಆ ಗುಡ್ಡದ ಮೇಲೆ ಹಿಂದಿನಿಂದ ಸದ್ದಿಲ್ಲದೆ ಬಂದು ಅಂಗೈಯಗಲದ ಅಂತರದಲ್ಲಿ ಸರ್ರನೆ ಹಾದುಹೋಗುವ ಸೈಕಲ್ಲು ಎದೆಯನ್ನು ನಡುಗಿಸುತ್ತದೆ. ಎರಡು ಸಲ ನನಗೆ ಹೀಗಾಯಿತು. ಅಡ್ಡ ಹಿಡಿದ ಆ ಕೋಲಿನ ಹಿಂದೆ ಇಂಥ ಎಷ್ಟು ಅನುಭವಗಳಿದ್ದವೋ ಯಾರು ಬಲ್ಲರು. ಕುದುರೆಯಂತೂ ಬೆದರಿದರೆ ಸವಾರನನ್ನು ಕೆಡಹುತ್ತದೆ.

ಇದಕ್ಕೆ ಪರಿಹಾರ ನಮ್ಮ ಊರಿನ ಪ್ರತಿಯೊಬ್ಬ ಹಾಲಿನವನ ಸೈಕಲ್ಲಿನಲ್ಲಿಯೂ ಇತ್ತು: ಗಂಟೆ. ಬ್ರಿಟನ್ನಿನಲ್ಲಿ ಹೊಸ ಸೈಕಲ್ಲನ್ನು ಮಾರುವಾಗ ಅದಕ್ಕೆ ಗಂಟೆಯಿರಬೇಕೆಂಬ ನಿಯಮವಿದೆ. ಮಾರಾಟವಾದ ಮೇಲೆ ಅದನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಮೌಂಟನ್ ಬೈಕಿನವರು ಮನೆಗೆ ತಂದ ಮೊದಲ ದಿನವೇ ಅದನ್ನು ಬಿಚ್ಚಿಡುತ್ತಾರೆ. ತೂಕವಂತೆ! ನೋಡಲು ಚೆನ್ನಾಗಿರುವುದಿಲ್ಲವಂತೆ! ಸಾವಿರಾರು ಪೌಂಡಿನ ಸೈಕಲ್ಲಿಗೆ ನೂರು ಗ್ರಾಮಿಗಿಂತ ಕಡಿಮೆ ತೂಕದ ಗಂಟೆ ಭಾರವಾಗುವುದಾದರೆ, ಆ ಸವಾರನಿಗೆ ಹಳದಿ ಬಾಣದ ಹಾದಿಯನ್ನು ತೆರೆದುಕೊಡಿ ಎಂದು ಕೇಳುವ ಬಾಯಿಯೇ ಇಲ್ಲ. ನನ್ನ ಮೊಮ್ಮಗನೂ ಬಿಚ್ಚಿಟ್ಟಿದ್ದನು. ಮೇಜಿನ ಸೆಳೆಖಾನೆಯಿಂದ ಅದನ್ನು ಹುಡುಕಿ ತೆಗೆಸಿ ಹಾಕಿಸಿದೆನು. ಮಗಳು, "ಅಪ್ಪ, ಇದು ನಿಮ್ಮ ಸ್ಕೂಲಲ್ಲ" ಎಂದಳು. ಸ್ಕೂಲಾಗಿದ್ದರೆ ಗಂಟೆಯನ್ನು ನಾನೇ ಬಾರಿಸುತ್ತಿದ್ದೆ ಎಂದೆನು.

ವೇಗದ ವಿಷಯದಲ್ಲಿ ನನಗೆ ಇನ್ನೊಂದು ತಕರಾರಿದೆ. ಸ್ಟ್ರಾವಾ ಎಂಬ ಒಂದು ಫೋನಿನ ಸೌಕರ್ಯವು ಪ್ರತಿ ಇಳಿಜಾರಿನಲ್ಲಿಯೂ ಯಾರು ಎಷ್ಟು ಸೆಕೆಂಡಿಗೆ ಇಳಿದರೆಂದು ಪಟ್ಟಿ ಮಾಡಿ ತೋರಿಸುತ್ತದೆ. ಸಾರ್ವಜನಿಕ ಹಾದಿ, ಮಕ್ಕಳು ಮುದುಕರು ನಡೆಯುವ ಹಾದಿ, ಹೀಗೆ ಓಟದ ಕಣವಾಗುತ್ತದೆ. ವಿದ್ಯುತ್ ಸೈಕಲ್ಲಿನ ಬಗೆಗೂ ಒಂದು ಮಾತು. ಅಲ್ಲಿನ ಕಾನೂನಿನಂತೆ 250 ವ್ಯಾಟಿನ ಮೋಟಾರು, ಗಂಟೆಗೆ 25 ಕಿಲೋಮೀಟರಿಗೆ ನೆರವು ನಿಲ್ಲಿಸುವ ಏರ್ಪಾಡು ಇದ್ದರೆ ಅದು ಸೈಕಲ್ಲೇ. ನನಗೆ ಅದರಲ್ಲಿ ಆಕ್ಷೇಪವಿಲ್ಲ. ಎಪ್ಪತ್ತು ದಾಟಿದ ದಂಪತಿಗಳು ಅದರಲ್ಲಿ ಗುಡ್ಡ ಹತ್ತಿ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆ ಮಿತಿಯನ್ನು ಕಿತ್ತುಹಾಕಿ ಓಡಿಸುವವು ಮೋಟಾರುಬೈಕುಗಳು. ಅವುಗಳನ್ನು ಸೈಕಲ್ಲೆಂದು ಕರೆಯುವುದು ಭಾಷೆಗೂ ಅಪಚಾರ.

ನೆರೆಯ ಸ್ಕಾಟ್ಲೆಂಡಿನವರು ಈ ಬಣ್ಣದ ಬಾಣಗಳ ಗೋಜನ್ನೇ ದಾಟಿಬಿಟ್ಟರು. 2003ರ ಭೂಸುಧಾರಣಾ ಕಾಯಿದೆಯಿಂದ ಅಲ್ಲಿ ನಡೆಯುವವರು, ಸೈಕಲ್ಲಿನವರು, ಕುದುರೆಯವರು ಎಲ್ಲರೂ ಹೊಣೆಯರಿತು ವರ್ತಿಸುವವರೆಗೆ ಹೆಚ್ಚಿನ ನೆಲದಲ್ಲಿ ಹಾದುಹೋಗಬಹುದು. ಹಕ್ಕಿನ ಪ್ರಶ್ನೆ ಹೋಗಿ ನಡತೆಯ ಪ್ರಶ್ನೆ ಉಳಿಯಿತು. ಜನ ದಟ್ಟವಾಗಿರುವ ದಕ್ಷಿಣ ಇಂಗ್ಲೆಂಡಿಗೆ ಅದನ್ನು ಹಾಗೆಯೇ ಎತ್ತಿ ತರುವುದು ಸುಲಭವಲ್ಲ. ಸೌತ್ ಡೌನ್ಸಿನ ಒಂದು ಕಡೆ ಲಂಡನ್, ಇನ್ನೊಂದು ಕಡೆ ಬ್ರೈಟನ್. ಎಲ್ಲಾ ಹಾದಿಗಳೂ ಎಲ್ಲರಿಗೂ ಬೇಕಾಗಿಯೂ ಇಲ್ಲ. ಸೌತ್ ಡೌನ್ಸ್ ವೇ ಪೂರ್ವದ ತುದಿಯಲ್ಲಿ ತಾನೇ ಎರಡಾಗಿ ಒಡೆಯುತ್ತದೆ: 'ಸೆವೆನ್ ಸಿಸ್ಟರ್ಸ್' ಎಂಬ ಬಿಳಿಯ ಕಡಿದಾದ ಬಂಡೆಗಳ ಅಂಚಿನಲ್ಲಿ ಸಾಗುವುದು ನಡೆಯುವವರದು, ಒಳನಾಡಿನಲ್ಲಿ ವಿಲ್ಮಿಂಗ್ಟನ್ನಿನ ಉದ್ದನೆಯ ಮನುಷ್ಯಾಕೃತಿಯ ನೆತ್ತಿಯ ಮೇಲೆ ಹಾದು ಜೆವಿಂಗ್ಟನ್ನಿಗೆ ಇಳಿಯುವುದು ಕುದುರೆ ಸೈಕಲ್ಲುಗಳದು. 162 ಮೀಟರ್ ಎತ್ತರದ ಬೀಚಿ ಹೆಡ್ ಬಂಡೆಯ ಅಂಚನ್ನು ನೋಡಿದವರು ಯಾರೂ ಅಲ್ಲಿ ಸೈಕಲ್ ಬೇಕೆನ್ನಲಾರರು. ಅಂಥ ವಿಂಗಡಣೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಅಲ್ಲಿ ನೆಲವನ್ನು ನೋಡಿ ವಿಂಗಡಿಸಿದ್ದಾರೆ. ಎಪ್ಪತ್ತು ವರ್ಷದ ಹಿಂದಿನ ಗುಮಾಸ್ತನೊಬ್ಬನ ಲೇಖನಿಯನ್ನು ನೋಡಿ ವಿಂಗಡಿಸುವುದು ಬೇರೆ.

ಈ ಹಾದಿಗಳಲ್ಲಿ ಒಂದರ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಬ್ರೈಟನ್ನಿನ ಉತ್ತರಕ್ಕೆ ಪ್ಯಾಚಮ್ ಎಂಬ ಬಡಾವಣೆಯ ಮೇಲಿನ ಗುಡ್ಡದಲ್ಲಿ, ಮೋಟಾರು ರಸ್ತೆಯಿಲ್ಲದ ಜಾಗದಲ್ಲಿ, 'ಛತ್ರಿ' ಇದೆ. ಇಂಗ್ಲಿಷರೂ ಅದನ್ನು ಛತ್ರಿ ಎಂದೇ ಕರೆಯುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಬ್ರೈಟನ್ನಿಗೆ ತಂದು ಅಲ್ಲಿನ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಬದುಕಲಾಗದೆ ಹೋದ ಹಿಂದೂ ಮತ್ತು ಸಿಖ್ ಯೋಧರು 53 ಮಂದಿಯನ್ನು ಈ ಗುಡ್ಡಕ್ಕೆ ತಂದು ದಹನ ಮಾಡಿದರು. ಚಿತೆಯಿದ್ದ ಜಾಗದ ಬಳಿ ಎಂಟು ಕಂಬಗಳ ಬಿಳಿಯ ಅಮೃತಶಿಲೆಯ ಛತ್ರಿಯನ್ನು ಕಟ್ಟಿ, 1921ರ ಫೆಬ್ರವರಿ 1ರಂದು ಆಗಿನ ಯುವರಾಜರು ಅನಾವರಣ ಮಾಡಿದರು. ವಿನ್ಯಾಸ ಮಾಡಿದವರು ಮುಂಬಯಿಯ ತರುಣ ವಾಸ್ತುಶಿಲ್ಪಿ ಇ. ಸಿ. ಹೆನ್ರಿಕ್ಸ್. ಐವತ್ತಮೂವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ ಸ್ಮಾರಕ ಪಕ್ಕದಲ್ಲಿಯೇ ಎದ್ದದ್ದು 2010ರಲ್ಲಿ.

ಅಲ್ಲಿಗೆ ಹೋಗಬೇಕಾದರೆ ನಡೆದೇ ಹೋಗಬೇಕು, ಇಲ್ಲವೇ ಕುದುರೆದಾರಿಯಲ್ಲಿ ಸೈಕಲ್ ತುಳಿದು. ನಾನು ಹೋದ ದಿನ ಗಾಳಿ ಜೋರಾಗಿತ್ತು, ಕುರಿಗಳು ಬೇಲಿಯವರೆಗೂ ಮೇಯುತ್ತಿದ್ದವು. ಮೈಯೆಲ್ಲಾ ಕೆಸರಾದ ನಾಲ್ವರು ಸವಾರರು, ಇಂಗ್ಲಿಷ್ ತರುಣರು, ಗೇಟಿನ ಹೊರಗೆ ಸೈಕಲ್ಲುಗಳನ್ನು ಮಲಗಿಸಿ, ಶಿರಸ್ತ್ರಾಣ ತೆಗೆದು ಒಳಗೆ ಬಂದು ಹೆಸರುಗಳನ್ನು ಓದುತ್ತಿದ್ದರು. ಅವರಲ್ಲಿ ಒಬ್ಬ ನನ್ನನ್ನು ಒಂದು ಹೆಸರಿನ ಉಚ್ಚಾರಣೆ ಹೇಗೆಂದು ಕೇಳಿದನು. ಹೇಳಿಕೊಟ್ಟೆನು. ಅವನು ಎರಡು ಸಲ ಹೇಳಿ ನೋಡಿಕೊಂಡನು. ಅವರು ಛತ್ರಿಯನ್ನು ನೋಡಲೆಂದು ಬಂದವರಲ್ಲ. ಸೈಕಲ್ ತುಳಿಯುತ್ತ ಹಾದಿಯ ಪಕ್ಕದಲ್ಲಿ ಸಿಕ್ಕಿತೆಂದು ನಿಂತವರು. ಆ ಹಾದಿಯ ಬಾಣ ಹಳದಿಯಾಗಿದ್ದರೆ ಅವರು ಆ ಹೆಸರುಗಳನ್ನು ಓದುತ್ತಿರಲಿಲ್ಲ. ನನ್ನ ಪಕ್ಷಕ್ಕೆ ಬೇರೆ ಎಷ್ಟು ಕಾರಣಗಳಿದ್ದರೂ, ಒಳಗೊಳಗೆ ಈ ಕಾರಣವೇ ದೊಡ್ಡದೆಂದು ಕಾಣುತ್ತದೆ.

2000ನೆಯ ಇಸವಿಯ ಒಂದು ಕಾಯಿದೆಯಲ್ಲಿ, ನಕಾಶೆಯಿಂದ ಬಿಟ್ಟುಹೋದ ಹಳೆಯ ಹಾದಿಗಳನ್ನು ದಾಖಲೆ ಸಮೇತ ನೋಂದಾಯಿಸಲು 2026ರವರೆಗೆ ಗಡುವನ್ನು ಇಟ್ಟಿದ್ದರು. ಆಮೇಲೆ ಅದನ್ನು 2031ಕ್ಕೆ ಮುಂದೂಡಿದರು. ಹತ್ತಾರು ವರ್ಷ ಅನೇಕ ಸ್ವಯಂಸೇವಕರು, ಹೆಚ್ಚಾಗಿ ನನ್ನಂಥ ನಿವೃತ್ತರು, ಹಳೆಯ ಕಂದಾಯ ನಕಾಶೆಗಳನ್ನೂ ರೈಲ್ವೆ ಯೋಜನೆಗಳ ಪಟಗಳನ್ನೂ ತಿರುವಿಹಾಕುತ್ತ ಕುಳಿತರು. 2024ರ ಡಿಸೆಂಬರಿನಲ್ಲಿ ಸರ್ಕಾರವು ಗಡುವನ್ನೇ ರದ್ದುಪಡಿಸುವುದಾಗಿ ಪ್ರಕಟಿಸಿತು. ಇಪ್ಪತ್ತು ವರ್ಷ ಜನ ಅಡ್ಡಿಯಿಲ್ಲದೆ ಓಡಾಡಿದ್ದರೆ ಅದು ಸಾರ್ವಜನಿಕ ಹಾದಿ ಎಂದು ಭಾವಿಸುವುದು ಅಲ್ಲಿನ ಕಾನೂನಿನ ಪದ್ಧತಿ. ಹಾದಿ ಉಳಿಯುವುದು ಓಡಾಟದಿಂದ. ನನ್ನಂಥವರ ಕಾಲುಗಳು ಸೋತ ಮೇಲೆ ಅಲ್ಲಿ ಓಡಾಡುವವರು ಯಾರು? ಫೋನನ್ನು ಬಿಟ್ಟು ಶನಿವಾರ ಗುಡ್ಡಕ್ಕೆ ಬರುವ ಹದಿನಾಲ್ಕರ ಹುಡುಗನನ್ನು ಕೋಲು ಅಡ್ಡ ಹಿಡಿದು ಮನೆಗೆ ಕಳುಹಿಸಿದರೆ, ಅವನಿಗೆ ನಲವತ್ತಾದಾಗ ಯಾವ ನಕಾಶೆಯನ್ನು ಉಳಿಸಲು ಅವನು ಕುಳಿತುಕೊಳ್ಳುತ್ತಾನೆ?

ನಮ್ಮ ಕಡೆಯ ಮಾತನ್ನು ಉದ್ದ ಮಾಡುವುದಿಲ್ಲ. ನೀವೆಲ್ಲ ಶಾಲೆಗೆ ಬರುತ್ತಿದ್ದ ಕೆರೆಯ ಹಿಂದಿನ ಬಂಡಿದಾರಿ ಗ್ರಾಮ ನಕಾಶೆಯಲ್ಲಿ ಈಗಲೂ ಇದೆ. ನೆಲದ ಮೇಲೆ ಮುಳ್ಳುತಂತಿ ಇದೆ. ನಿಮ್ಮಲ್ಲಿ ಇಬ್ಬರು ಕಂದಾಯ ಇಲಾಖೆಯಲ್ಲಿದ್ದೀರಿ, ಒಬ್ಬರು ವಕೀಲರಾಗಿದ್ದೀರಿ. ನಕಾಶೆಯ ಪ್ರತಿ ನನ್ನ ಬಳಿ ಇದೆ, ಬಂದು ನೋಡಬಹುದು.

ರೆಡಿಂಗ್, ಸ್ಲೌ ಕಡೆ ಕೆಲಸದಲ್ಲಿರುವ ವಿದ್ಯಾರ್ಥಿಗಳು ಹೋಗಬೇಕೆಂದಿದ್ದರೆ ಮೇ, ಜೂನ್ ತಿಂಗಳು ಒಳ್ಳೆಯದು. ಹಾದಿ ಒಣಗಿರುತ್ತದೆ, ಬಾನಾಡಿಗಳ ಹಾಡು ದಿನವಿಡೀ ಕೇಳುತ್ತದೆ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಲೂಯಿಸ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಜನದಟ್ಟಣೆಯ ವೇಳೆಯಲ್ಲಿ ಸೈಕಲ್ಲಿಗೆ ನಿರ್ಬಂಧವಿರುತ್ತದೆ, ವಿಚಾರಿಸಿಕೊಳ್ಳಿ. ಗುಡ್ಡದ ಮೇಲೆ ನೀರಿಲ್ಲವೆಂದು ಮೇಲೆ ಹೇಳಿದ್ದೇನೆ. ದೂರದೂರಕ್ಕೆ ಕೆಲವು ಕುಡಿಯುವ ನೀರಿನ ನಲ್ಲಿಗಳಿವೆ, ಆದರೂ ಎರಡು ಬಾಟಲಿ ತುಂಬಿಕೊಂಡೇ ಹೊರಡಿ. ಟ್ಯೂಬು ಒಂದಲ್ಲ, ಎರಡು ಇರಲಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಛತ್ರಿಯ ಬಳಿ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ, ಆ ದಿನಕ್ಕೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು.